ಸದ್ದು ಹಿಡಿದಿಟ್ಟ ಹನಿ ಕೋವಿಡ್ ಬಗ್ಗೆ ಹೇಳಿದ್ದೇನು?

ಸದ್ದು ಬರೀ ಕಿವಿಗೆ ಕೇಳೋದಲ್ಲ, ತಳ್ಳುತ್ತೆ ಕೂಡ. ವಿಮಾನಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಚ್‌ಎಎಲ್ ರನ್‌ವೇಯಿಂದ ಫೈಟರ್ ಜೆಟ್ ಮೇಲೇಳುವಾಗ ಕಿಟಕಿ ಗಾಜು ಅದುರುತ್ತಲ್ಲ, ಅದೇ ಸಾಕ್ಷಿ.

ಈ ತಳ್ಳುವ ಶಕ್ತಿಯಿಂದಲೇ ಸಣ್ಣ ಕಣವನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಬಹುದು. ಕೆಳಗಿಂದ ಕಿವಿಗೆ ಕೇಳದ ಅಲ್ಟ್ರಾಸೌಂಡ್ ಬಿಟ್ಟು, ಮೇಲೆ ಅದನ್ನು ವಾಪಸ್ ಕಳಿಸುವ ಫಲಕ ಇಡುತ್ತಾರೆ. ಹೋಗುವ ಅಲೆ, ಬರುವ ಅಲೆ ಸೇರಿದಾಗ ನಡುವೆ ಒತ್ತಡ ಏರಿಳಿಯದ ಜಾಗಗಳು ಹುಟ್ಟುತ್ತವೆ. 40 ಕಿಲೋಹರ್ಟ್ಸ್ ಸದ್ದಿನಲ್ಲಿ ಇವು ಸುಮಾರು 4.3 ಮಿಲಿಮೀಟರ್‌ಗೊಂದು. ಅಲ್ಲಿಟ್ಟ ಹನಿ ಆಚೀಚೆ ಸರಿದರೂ ಸದ್ದು ಅದನ್ನು ಮತ್ತೆ ಅಲ್ಲಿಗೇ ನೂಕುತ್ತೆ. ಹಲವು ಸ್ಪೀಕರ್ ಬಳಸಿ ಅಲೆಗಳ ಹೊಂದಾಣಿಕೆ ಬದಲಿಸಿದರೆ ಆ ಜಾಗವೇ ಸರಿಯುತ್ತೆ, ಜೊತೆಗೆ ಕಣವೂ.

ಸರ್ಕಸ್ ಅನ್ನಿಸಬಹುದು. ಆದರೆ 2020ರಲ್ಲಿ ನಮ್ಮದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಪ್ತರ್ಷಿ ಬಸು ಮತ್ತು ಸಹೋದ್ಯೋಗಿಗಳು ಇದೇ ವಿಧಾನದಲ್ಲಿ ಉಪ್ಪುನೀರಿನ ಹನಿಯೊಂದನ್ನು ತೇಲಿಸಿದರು. ಅದರೊಳಗೆ ವೈರಸ್ ಬದಲಿಗೆ ನ್ಯಾನೊ ಕಣಗಳು. ಕೆಮ್ಮಿದಾಗ ಹಾರುವ ಹನಿ ಗಾಳಿಯಲ್ಲಿ ಒಣಗುವುದು ಹೇಗೆ ಅನ್ನೋದು ಪ್ರಶ್ನೆ. ಗಾಜಿನ ಮೇಲಿಟ್ಟರೆ ಗಾಜೇ ಒಣಗುವ ರೀತಿಯನ್ನು ಬದಲಿಸುತ್ತೆ. ಸದ್ದಿನ ಹಿಡಿತದಲ್ಲಿ ಆ ತೊಂದರೆ ಇಲ್ಲ.

ಕಂಡದ್ದು ಇದು: ನೀರು ಆರಿ, ಉಪ್ಪು ಹರಳುಗಟ್ಟಿ, ವ್ಯಾಸ ಮೊದಲಿದ್ದದ್ದರ ಶೇ. 20ರಿಂದ 30ಕ್ಕೆ ಇಳಿಯಿತು. ಲೆಕ್ಕ ಹಾಕಿ, ಗಾತ್ರ ಶೇ. 3ಕ್ಕಿಂತ ಕಡಿಮೆ. ಆದರೆ ಕಣಗಳು ಎಲ್ಲೂ ಹೋಗಲಿಲ್ಲ, ಹರಳಿನಲ್ಲೇ ಉಳಿದವು. ನಿಜವಾದ ಕೆಮ್ಮಿನ ಸಣ್ಣ ಹನಿ ಹೀಗೆ ಕುಗ್ಗಿದರೆ ಬೇಗ ನೆಲಕ್ಕೆ ಬೀಳಲ್ಲ, ಕೋಣೆಯ ಗಾಳಿಯಲ್ಲೇ ಸುಳಿದಾಡುತ್ತೆ.

ಅದೇ ವರ್ಷ ನಮ್ಮ ನಗರಗಳಲ್ಲಿ ಬೀದಿಬೀದಿಗೆ ರಾಸಾಯನಿಕ ಸಿಂಪಡಿಸಲಾಯಿತು. ಇದರಿಂದ ಪ್ರಯೋಜನವಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಸಿಂಪಡಣೆ ಫೋಟೊದಲ್ಲಿ ಕಾಣುತ್ತೆ, ಗಾಳಿಯಾಡುವ ಕೋಣೆ ಕಾಣಲ್ಲ.

ಹಾಗಾಗಿ ಇದು ವಿಜ್ಞಾನದ ಕೌತುಕ ಮಾತ್ರ ಅಲ್ಲ, ರಾಜಕೀಯ ಪ್ರಶ್ನೆ ಕೂಡ. ಸರ್ಕಾರಿ ಶಾಲೆಯ ತರಗತಿಗೆ ಎಷ್ಟು ಕಿಟಕಿ? ಕಿಟಕಿ ತೆರೆಯದ ಎಸಿ ಬಸ್ಸಿಗೆ, ಗಾರ್ಮೆಂಟ್ಸ್ ಕಾರ್ಖಾನೆಗೆ, ಇಕ್ಕಟ್ಟಾದ ಪಿಜಿಗೆ ಹೊಸ ಗಾಳಿಯ ಲೆಕ್ಕ ಇಡೋರು ಯಾರು? ಸಾರ್ವಜನಿಕ ದುಡ್ಡಿನಲ್ಲಿ ನಡೆಯುವ ಸಂಸ್ಥೆಯ ಲ್ಯಾಬ್ ತನ್ನ ಕೆಲಸ ಮಾಡಿದೆ. ಮುಂದಿನ ಬಾರಿ ಮತ ಕೇಳಲು ಬಂದವರಿಗೆ ಈ ಪ್ರಶ್ನೆಯನ್ನೂ ಕೇಳೋಣ.