ಹಳೆಯ ನಾಣ್ಯಗಳ ಶ್ರೇಣೀಕರಣ ಗಣತಿ: ಎಷ್ಟರಮಟ್ಟಿಗೆ ನಂಬಬಹುದು?

ಹೆಮ್ಮರಗಾಲದ ಒಬ್ಬ ದಿನಸಿ ವರ್ತಕರ ಮುಂದೆ 1939ನೆಯ ಇಸವಿಯ ಬೆಳ್ಳಿ ರೂಪಾಯಿಯೊಂದು ಮಾರಾಟಕ್ಕೆ ಬಂದಿದೆಯೆಂದು ಭಾವಿಸೋಣ. ನಾಣ್ಯವು ಮೊಹರು ಮಾಡಿದ ಪ್ಲಾಸ್ಟಿಕ್ ಕವಚದೊಳಗಿದೆ. ಅದರ ಚೀಟಿಯ ಮೇಲೆ ಅಮೆರಿಕದ ಶ್ರೇಣೀಕರಣ ಸಂಸ್ಥೆಯೊಂದರ ಹೆಸರು, ‘ಎಂ.ಎಸ್. 63’ ಎಂಬ ಅಂಕ ಮತ್ತು ಒಂದು ಕ್ರಮಸಂಖ್ಯೆ ಇವೆ. ಮಾರುವವರು ಒಂದು ಮುದ್ರಿತ ಹಾಳೆಯನ್ನೂ ಮುಂದಿಡುತ್ತಾರೆ. ಜಗತ್ತಿನಲ್ಲಿ ಈ ಅಂಕ ಪಡೆದ ನಾಣ್ಯಗಳು ಇಷ್ಟೇ, ಇದಕ್ಕಿಂತ ಮೇಲಿನ ಅಂಕದವು ಇನ್ನೂ ಕಡಿಮೆ ಎಂಬುದು ಆ ಹಾಳೆಯ ತಾತ್ಪರ್ಯ. ಬೆಲೆಯ ಮಾತು ಲಕ್ಷಗಳಲ್ಲಿ ನಡೆಯುತ್ತಿದೆ. ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ವರ್ತಕರಿಗೆ ಭತ್ತ, ಬೆಲ್ಲ, ರೇಷ್ಮೆಗೂಡುಗಳ ದರ್ಜೆಯನ್ನು ಕಣ್ಣಳತೆಯಲ್ಲೇ ಹೇಳಲು ಬರುತ್ತದೆ. ಈ ಹಾಳೆಯ ಮೇಲಿನ ಅಂಕಿಯನ್ನು ಅಳೆಯುವ ಬಗೆ ಮಾತ್ರ ಬೇರೆ.

ನಾಣ್ಯಗಳಿಗೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯನ್ನು 1949ರಲ್ಲಿ ರೂಪಿಸಿದವರು ಅಮೆರಿಕದ ವಿಲಿಯಂ ಶೆಲ್ಡನ್. ಅಲ್ಲಿನ ಹಳೆಯ ತಾಮ್ರದ ಸೆಂಟುಗಳಿಗಾಗಿ ಹುಟ್ಟಿದ ಈ ಮಾಪಕದಲ್ಲಿ ಮೂಲತಃ ಅಂಕವೇ ಬೆಲೆಯ ಅನುಪಾತವಾಗಿತ್ತು. 1 ಅಂಕದ ನಾಣ್ಯಕ್ಕಿಂತ 70 ಅಂಕದ್ದಕ್ಕೆ ಎಪ್ಪತ್ತು ಪಟ್ಟು ಬೆಲೆ. ಆ ಅನುಪಾತ ಬೇಗನೆ ಬಿದ್ದುಹೋಯಿತು, ಅಂಕಗಳು ಉಳಿದವು. 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಎಂಬ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ಅಂಕ ನೀಡಿ, ಕವಚದಲ್ಲಿಟ್ಟು ಮೊಹರು ಮಾಡುವ ಕೆಲಸವನ್ನು ಆರಂಭಿಸಿದವು. ತಾವು ಅಂಕ ನೀಡಿದ ನಾಣ್ಯಗಳನ್ನು ಇಸವಿ, ಟಂಕಸಾಲೆ ಮತ್ತು ಅಂಕದ ಪ್ರಕಾರ ಲೆಕ್ಕ ಹಾಕಿ ಈ ಸಂಸ್ಥೆಗಳು ಪ್ರಕಟಿಸುವ ಪಟ್ಟಿಯೇ ‘ಪಾಪ್ಯುಲೇಷನ್ ರಿಪೋರ್ಟ್’ ಅಥವಾ ಗಣತಿ.

ಈ ಗಣತಿಯು ನಾಣ್ಯಗಳ ಗಣತಿಯಲ್ಲ, ಪರೀಕ್ಷೆಗಳ ಗಣತಿ ಎಂಬುದನ್ನು ಮೊದಲು ಗಮನಿಸಬೇಕು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಇದು ಆವಕವನ್ನು ಬರೆದು ಜಾವಕವನ್ನು ಬರೆಯದ ದಾಸ್ತಾನು ವಹಿ. 63 ಅಂಕಕ್ಕೂ 64 ಅಂಕಕ್ಕೂ ಬೆಲೆಯ ಅಂತರ ದೊಡ್ಡದಾಗಿದ್ದರೆ, ವ್ಯಾಪಾರಿಯು ಕವಚವನ್ನು ಒಡೆದು ಅದೇ ನಾಣ್ಯವನ್ನು ಮತ್ತೆ ಪರೀಕ್ಷೆಗೆ ಕಳುಹಿಸುತ್ತಾನೆ. ಮೂರು ಬಾರಿ 63 ಬಂದು, ನಾಲ್ಕನೆಯ ಬಾರಿ 64 ಬಂದಿತೆನ್ನೋಣ. ಹಳೆಯ ಚೀಟಿಗಳನ್ನು ಆತ ಹಿಂದಿರುಗಿಸದಿದ್ದರೆ, ಗಣತಿಯಲ್ಲಿ 63ರ ಸಾಲಿಗೆ ಮೂರು, 64ರ ಸಾಲಿಗೆ ಒಂದು ಸೇರುತ್ತವೆ. ನಾಣ್ಯ ಇರುವುದು ಒಂದೇ. ಚೀಟಿ ಹಿಂದಿರುಗಿಸಿದರೆ ಸಂಸ್ಥೆಗಳು ಸಂಖ್ಯೆಯನ್ನು ತಗ್ಗಿಸುವುದುಂಟು. ಆದರೆ ಹಿಂದಿರುಗಿಸುವುದರಿಂದ ವ್ಯಾಪಾರಿಗೆ ವಿಶೇಷ ಲಾಭವೇನೂ ಇಲ್ಲ. ಒಂದು ಸಂಸ್ಥೆಯ ಕವಚವನ್ನು ತೆಗೆಸಿ ಇನ್ನೊಂದಕ್ಕೆ ಕಳುಹಿಸಿದರೆ ನಾಣ್ಯ ಎರಡು ಪಟ್ಟಿಗಳಲ್ಲೂ ಕಾಣಿಸಿಕೊಳ್ಳಬಹುದು. ಎರಡನ್ನೂ ಕೂಡಿಸಿ ‘ಒಟ್ಟು’ ಎನ್ನುವವರು ಇದನ್ನು ಮರೆಯುತ್ತಾರೆ.

ಹಾಗಾದರೆ ಗಣತಿ ಯಾವಾಗಲೂ ಹೆಚ್ಚಾಗಿಯೇ ತೋರಿಸುತ್ತದೆಯೇ? ಇಲ್ಲ. ದುಬಾರಿ ನಾಣ್ಯದ ವಿಷಯದಲ್ಲಿ ಅದು ಹೆಚ್ಚು ತೋರಿಸಬಹುದು, ಅಗ್ಗದ ನಾಣ್ಯದ ವಿಷಯದಲ್ಲಿ ತೀರ ಕಡಿಮೆ ತೋರಿಸುತ್ತದೆ. ಪರೀಕ್ಷಾ ಶುಲ್ಕ, ಸಾಗಣೆ ಮತ್ತು ವಿಮೆಯ ವೆಚ್ಚ ನಾಣ್ಯದ ಬೆಲೆಯನ್ನೇ ಮೀರುವುದಾದರೆ ಯಾರು ಕಳುಹಿಸುತ್ತಾರೆ? ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆನೆಯ ಚಿತ್ರದ ತಾಮ್ರದ ಕಾಸುಗಳು ಸಂಗ್ರಾಹಕರಿಗೆ ಅಪರಿಚಿತವೇನಲ್ಲ. ಒಂದು ಗ್ರಾಮಿನ ಮೂರನೆಯ ಒಂದು ಭಾಗದಷ್ಟು ಮಾತ್ರ ತೂಗುವ ಕಂಠೀರವ ಹಣದ ಚಿನ್ನದ ನಾಣ್ಯಗಳೂ ಹಾಗೆಯೇ. ಇಂತಹವುಗಳಲ್ಲಿ ಯಾವುದಾದರೊಂದು ಬಗೆಯ ಎದುರು ಗಣತಿಯಲ್ಲಿ ‘3’ ಎಂದಿದ್ದರೆ, ಮೂವರು ಶುಲ್ಕ ಕಟ್ಟಿದರೆಂದಷ್ಟೇ ಅರ್ಥ. ಆ ಮೂರನ್ನು ತೋರಿಸಿ ಅಪರೂಪವೆಂದು ಮಾರುವುದು ವ್ಯಾಪಾರಿಯ ಚಾತುರ್ಯ, ಒಪ್ಪಿ ಕೊಳ್ಳುವುದು ಗ್ರಾಹಕನ ನಷ್ಟ.

1939ರ ರೂಪಾಯಿಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದು ಮುಂಬಯಿ ಟಂಕಸಾಲೆಯದು, ತೂಕ 11.66 ಗ್ರಾಂ, ಬೆಳ್ಳಿ ಸುಮಾರು ಶೇ. 91.7. ನಾಣ್ಯಗಳ ಕೈಪಿಡಿಗಳು ಇಪ್ಪತ್ತು ಲಕ್ಷಕ್ಕೂ ಮೀರಿದ ಟಂಕನ ಸಂಖ್ಯೆಯನ್ನು ಕೊಡುತ್ತವೆ. ಆದರೆ 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಶೇ. 50ಕ್ಕೆ ಇಳಿಸಿ, ಮುಂದಿನ ವರ್ಷಗಳಲ್ಲಿ ಹಳೆಯ ಶುದ್ಧತೆಯ ರೂಪಾಯಿಗಳನ್ನು ಚಲಾವಣೆಯಿಂದ ಹಿಂದೆಗೆಯಲಾಯಿತು. ಆದ್ದರಿಂದ ಟಂಕಿಸಿದ್ದೆಷ್ಟು ಎಂಬುದರಿಂದ ಉಳಿದಿದ್ದೆಷ್ಟು ಎಂದು ತಿಳಿಯಲಾಗದು. ಬೇಡಿಕೆ ಅಪಾರವಾಗಿರುವುದರಿಂದ ಈ ಇಸವಿಯ ನಾಣ್ಯ ಕೈಗೆ ಸಿಕ್ಕವರು ಅದನ್ನು ಪರೀಕ್ಷೆಗೆ ಕಳುಹಿಸಲು ಹಿಂಜರಿಯುವುದಿಲ್ಲ, ಮತ್ತೆ ಮತ್ತೆ ಕಳುಹಿಸುವುದಕ್ಕೂ ಆಸೆಯಿರುತ್ತದೆ. ಸುಲಭವಾಗಿ ಸಿಗುವ 1938ರ ರೂಪಾಯಿಯ 8ನ್ನು 9 ಮಾಡಿ ಮಾರುವ ಮೋಸವೂ ಹಳೆಯದೇ. ಅದನ್ನು ತಡೆಯುವುದರಲ್ಲಿ ಕವಚ ಮತ್ತು ಕ್ರಮಸಂಖ್ಯೆಗಳಿಗೆ ನಿಜವಾದ ಬೆಲೆಯಿದೆ. ಕವಚವನ್ನೇ ನಕಲಿ ಮಾಡುವವರೂ ಇರುವುದರಿಂದ, ಕ್ರಮಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಂದಿಗೆ, ಅಲ್ಲಿ ಚಿತ್ರವಿದ್ದರೆ ಚಿತ್ರದೊಂದಿಗೂ, ತಾಳೆ ನೋಡಲೇಬೇಕು.

ಗಣತಿಯ ಅಂಕವಾರು ಸಾಲುಗಳಿಗೆ ಎಂದೂ ಸೇರದ ಇನ್ನೊಂದು ರಾಶಿಯಿದೆ. ಮೈಸೂರು ಸೀಮೆಯ ಮನೆಗಳಲ್ಲಿ ಬೆಳ್ಳಿ ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಪೋಣಿಸಿದ್ದುಂಟು. ಲಕ್ಷ್ಮೀಪೂಜೆಗೆ ಮುನ್ನ ಹುಣಸೆಹಣ್ಣು, ವಿಭೂತಿ ಹಚ್ಚಿ ಫಳಫಳಿಸುವಂತೆ ತಿಕ್ಕಿದ್ದೂ ಉಂಟು. ಹೀಗೆ ಬೆಸೆದ, ತಿಕ್ಕಿದ ನಾಣ್ಯಕ್ಕೆ ಅಸಲಿಯೆಂಬ ಮಾತು ಸಿಗಬಹುದು, ಪೂರ್ಣ ಅಂಕ ಸಿಗುವುದಿಲ್ಲ. ಭಕ್ತಿಯಿಂದ ತೊಳೆದ ನಾಣ್ಯಕ್ಕೆ ಪೇಟೆಯಲ್ಲಿ ಬೆಲೆ ಇಳಿಯುವುದು ಮನೆಯ ಹಿರಿಯರಿಗೆ ಒಪ್ಪಿಸಲು ಕಷ್ಟವಾದ ಸಂಗತಿ.

ಮಾರುವವರು ಹಾಳೆಯನ್ನು ಮುಂದಿಟ್ಟಾಗ ಅದರ ದಿನಾಂಕವನ್ನು ಕೇಳುವುದು ಒಳ್ಳೆಯದು. ಕಳೆದ ಐದಾರು ವರ್ಷಗಳಲ್ಲಿ ಆ ಸಾಲು ಹೇಗೆ ಬೆಳೆದಿದೆಯೆಂದು ನೋಡಿದರೆ ಒಂದು ದಿನದ ಸಂಖ್ಯೆಗಿಂತ ಹೆಚ್ಚು ತಿಳಿಯುತ್ತದೆ. ಹರಾಜು ಪಟ್ಟಿಗಳ ಛಾಯಾಚಿತ್ರಗಳನ್ನು ಹೋಲಿಸಿ, ಗೀರು, ಕಲೆ, ಅಂಚಿನ ಗುರುತುಗಳಿಂದ ಒಂದೇ ನಾಣ್ಯವನ್ನು ಎರಡು ಕವಚಗಳಲ್ಲಿ ಗುರುತಿಸುವುದು ಶ್ರಮದ ಕೆಲಸವಾದರೂ ಫಲ ಕೊಡುತ್ತದೆ. ಹೀಗೆ ಬೇರೆಬೇರೆಯೆಂದು ಖಚಿತವಾದ ನಾಣ್ಯಗಳ ಸಂಖ್ಯೆಯೇ ‘ಕನಿಷ್ಠ ಇಷ್ಟಿವೆ’ ಎಂದು ಧೈರ್ಯವಾಗಿ ಹೇಳಬಹುದಾದ ಲೆಕ್ಕ. ನಾಣ್ಯಗಳನ್ನು ವ್ಯಾಪಾರದ ದಾಸ್ತಾನಾಗಿ ಇಟ್ಟುಕೊಂಡವರು ವರ್ಷಾಂತ್ಯದಲ್ಲಿ ಕೊಂಡ ಬೆಲೆ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದನ್ನು ತೋರಿಸಬೇಕಾಗುತ್ತದೆ. ಆ ಮೌಲ್ಯಕ್ಕೆ ಗಣತಿಯ ಹಾಳೆ ಆಧಾರವಾಗದು; ಕಮಿಷನ್ ಕಳೆದು ಹರಾಜಿನಲ್ಲಿ ನಿಜವಾಗಿ ಕೈಸೇರುವ ಹಣ ಆಧಾರವಾಗುತ್ತದೆ.

ಕೊನೆಯದಾಗಿ ಕಾನೂನಿನ ಒಂದು ಅಂಶ. ಪುರಾವಸ್ತುಗಳು ಮತ್ತು ಕಲಾನಿಧಿಗಳ 1972ರ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾವಸ್ತು. ಅದನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ಕಳುಹಿಸುವಂತಿಲ್ಲ. ಶ್ರೀರಂಗಪಟ್ಟಣದ ಟಂಕಸಾಲೆಯಿಂದ ಹೊರಬಂದ ಟಿಪ್ಪು ಸುಲ್ತಾನನ ನಾಣ್ಯ ಇಂದು ಮೈಸೂರಿನ ಮನೆಯೊಂದರಲ್ಲಿದ್ದರೆ ಅದು ಅಮೆರಿಕದ ಪರೀಕ್ಷಕರ ಮೇಜನ್ನು ಸಕ್ರಮವಾಗಿ ತಲುಪುವ ದಾರಿಯಿಲ್ಲ. ಅಲ್ಲಿನ ಗಣತಿ ತೋರಿಸುವುದು ಬಹುಮಟ್ಟಿಗೆ ಹಿಂದೆಯೇ ಹೊರದೇಶ ಸೇರಿದ್ದ ನಾಣ್ಯಗಳನ್ನು. ಆನೆಯ ಚಿತ್ರ ಹಂದಿಯಂತೆ ಕಂಡಿತೆಂಬ ಆಕ್ಷೇಪದಿಂದ ಹಿಂದೆಗೆದುಕೊಂಡ ಐದನೆಯ ಜಾರ್ಜ್‌ನ 1911ರ ರೂಪಾಯಿಯೂ 2011ರಲ್ಲಿ ಈ ಗೆರೆಯನ್ನು ದಾಟಿತು. 1939ರ ರೂಪಾಯಿಗೆ 2039ರವರೆಗೆ ಅವಕಾಶವಿದೆ. ಕಾಯಿದೆ ಹೀಗೆಯೇ ಮುಂದುವರಿದರೆ, ಆ ಬಳಿಕ ನಮ್ಮ ಪೆಟ್ಟಿಗೆಗಳಲ್ಲಿ ಉಳಿದವು ಆ ಗಣತಿಯ ಹೊರಗೇ ಉಳಿಯುತ್ತವೆ.