ಪರಮಾಣುಗಳ ಬಂಧ: ಸೂತ್ರದಲ್ಲಿ ಮತ್ತು ಪಿಯುಸಿ ಪಾಠದಲ್ಲಿ

ಯಾಪಲದಿನ್ನಿಯಿರಲಿ, ರಾಯಚೂರಿರಲಿ, ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳು ರಾಸಾಯನಿಕ ಬಂಧ ಓದಲೇಬೇಕು. ಪರಮಾಣುಗಳು ಏಕೆ ಕೂಡುತ್ತವೆ ಎಂಬ ಪ್ರಶ್ನೆ ಜೈನರಿಗೆ ಹೊಸದಲ್ಲ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 5ನೇ ಅಧ್ಯಾಯದ ಪ್ರಕಾರ ಸ್ನಿಗ್ಧ (ಜಿಡ್ಡು), ರೂಕ್ಷ (ಒಣ) ಗುಣಗಳಿಂದ ಬಂಧವಾಗುತ್ತದೆ. ಜಘನ್ಯ, ಅಂದರೆ ಅತಿ ಕಡಿಮೆ ಗುಣವಿದ್ದರೆ ಬಂಧವಿಲ್ಲ.

ರಸಾಯನಶಾಸ್ತ್ರದಲ್ಲಿ ಬಂಧಕ್ಕೆ ಕಾರಣ ಎಲೆಕ್ಟ್ರಾನ್. ಅಡುಗೆ ಉಪ್ಪಿನಲ್ಲಿ ಸೋಡಿಯಂ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಕ್ಲೋರಿನ್ ಪಡೆಯುತ್ತದೆ. ಹೀಗಾದ ಧನ, ಋಣ ಅಯಾನುಗಳು ಪರಸ್ಪರ ಸೆಳೆಯುತ್ತವೆ. ನೀರಿನಲ್ಲಿ ಆಕ್ಸಿಜನ್ ಎರಡು ಹೈಡ್ರೋಜನ್‌ಗಳೊಡನೆ ಎಲೆಕ್ಟ್ರಾನ್ ಹಂಚಿಕೊಳ್ಳುತ್ತದೆ. ಆಕ್ಸಿಜನ್‌ನಲ್ಲೇ ಉಳಿದ ಎರಡು ಎಲೆಕ್ಟ್ರಾನ್ ಜೋಡಿಗಳು ಒತ್ತುವುದರಿಂದ ಅಣು ಬಾಗಿ, ಕೋನ 104.5 ಡಿಗ್ರಿ ಆಗುತ್ತದೆ.

ಎರಡನ್ನೂ ಒಂದೇ ಎನ್ನಬಾರದು. ಸೂತ್ರದ ಪರಮಾಣು ಅವಿಭಾಜ್ಯ; ವಿಜ್ಞಾನದ ಪರಮಾಣುವಿಗೆ ಒಳಭಾಗಗಳಿವೆ. ಪರೀಕ್ಷೆಯಲ್ಲಿ ಎಲೆಕ್ಟ್ರಾನ್ ಎಂದೇ ಬರೆಯಬೇಕು. ಸ್ವಾಧ್ಯಾಯದಲ್ಲಿ ಸ್ನಿಗ್ಧ, ರೂಕ್ಷಗಳನ್ನು ಅರಿಯಬೇಕು.