ಕಡತಗಳ ಮನೆಯೂ ಅದನ್ನು ಕಾಯುವವರೂ

ನಮ್ಮ ಜಾನಪದ ಪ್ರಬಂಧಕ್ಕಾಗಿ ಹೋದ ವರ್ಷ ನಾನು ಮಾಗಡಿಯ ಕಡೆಯ ನಮ್ಮೂರಿನಲ್ಲಿ ಅಜ್ಜಿ ಹಾಡಿದ ರಾಗಿ ಬೀಸುವ ಪದಗಳನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡಿದ್ದೆ. ಅವನ್ನು ಪೆನ್‌ಡ್ರೈವಿಗೆ ತುಂಬಲು ಹೋದಾಗ, ಅರ್ಧಕ್ಕಿಂತ ಹೆಚ್ಚು ಜಾಗ ಬರಿದಾಗಿದ್ದರೂ ದೊಡ್ಡ ವೀಡಿಯೋ ಒಳಗೆ ಹೋಗಲೊಲ್ಲದು. ಚಿಕ್ಕವನ್ನು ಗೆಳೆಯನ ಹಳೆಯ ಲಿನಕ್ಸ್ ಗಣಕದಲ್ಲಿ ತೆರೆದರೆ, ನಾನು ಕನ್ನಡದಲ್ಲಿಟ್ಟಿದ್ದ ಹೆಸರುಗಳೆಲ್ಲ ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ಇದೇಕೆಂದು ಹುಡುಕುತ್ತ ಹೋದಾಗ ತಿಳಿದುದನ್ನು ಸಹಪಾಠಿಗಳ ಮುಂದಿಡುತ್ತೇನೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನಾವೆಲ್ಲ ಬಲ್ಲೆವು. ಯಾರ ಗೂಡು ಎಲ್ಲಿದೆ, ಎಷ್ಟಿದೆ ಎಂಬ ಲೆಕ್ಕವಿಲ್ಲದಿದ್ದರೆ ಅಲ್ಲಿ ವ್ಯಾಪಾರ ನಡೆಯದು. ಪೆನ್‌ಡ್ರೈವಿನಲ್ಲಿಯೂ ಹೀಗೆಯೇ. ಯಾವ ಕಡತ ಎಲ್ಲಿದೆ, ಅದರ ಹೆಸರೇನು, ಗಾತ್ರವೆಷ್ಟು ಎಂಬುದನ್ನು ಬರೆದಿಡುವ ಪದ್ಧತಿಗೆ ಫೈಲ್‌ಸಿಸ್ಟಮ್ ಎಂದು ಹೆಸರು. ನನ್ನ ಪೆನ್‌ಡ್ರೈವಿನಲ್ಲಿದ್ದದ್ದು ಫ್ಯಾಟ್-32. ಅದರಲ್ಲಿ ಗಾತ್ರವನ್ನು ಬರೆಯುವ ಅಂಕಣ 32 ಬಿಟ್‌ಗಳಷ್ಟು ಮಾತ್ರ. ಆದುದರಿಂದ 4 ಗಿಗಾಬೈಟ್ ಮೀರಿದ ಕಡತವನ್ನು ಅದು ದಾಖಲಿಸಲಾರದು. ಜಾಗವಿದೆ, ಲೆಕ್ಕ ಬರೆಯುವ ಮನೆ ಚಿಕ್ಕದು!

ಹೆಸರಿನ ಕಥೆ ಬೇರೆ. ಕನ್ನಡ ಲಿಪಿ 1991ರಲ್ಲಿಯೇ ಯೂನಿಕೋಡ್ ಸಂಕೇತದೊಳಗೆ ಸೇರಿತು. ಪೆನ್‌ಡ್ರೈವಿನಲ್ಲಿ ನನ್ನ ಅಕ್ಷರಗಳು ಅಳಿಸಿರಲಿಲ್ಲ. ಆ ಗಣಕವು ಅವನ್ನು ಯುರೋಪಿನ ಅಕ್ಷರಮಾಲೆಯೊಂದರಲ್ಲಿ ಓದಲು ಹೊರಟು, ಸಿಗದೆ, ಪ್ರಶ್ನೆಯ ಗುರುತನ್ನಿಟ್ಟಿತ್ತು. ಯುಟಿಎಫ್-8 ಎಂಬ ಬರವಣಿಗೆಯ ಕ್ರಮವನ್ನು ಸೂಚಿಸಿದೊಡನೆ ಹೆಸರುಗಳು ಮರಳಿದವು. ಈ ಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ‘ಕ್ಷ’ ಎಂಬುದರಲ್ಲಿ ಮೂರು ಸಂಕೇತಗಳಿರುವುದರಿಂದ ಅದಕ್ಕೆ ಒಂಬತ್ತು ಬೈಟ್. ಲಿನಕ್ಸ್‌ನ ಎಕ್ಸ್ಟ್-4 ಪದ್ಧತಿಯಲ್ಲಿ ಹೆಸರಿನ ಮಿತಿ 255 ಬೈಟ್. ಎಂದರೆ ಕನ್ನಡದಲ್ಲಿ 85 ಸಂಕೇತಗಳು ಮಾತ್ರ. ಹೆಸರನ್ನು ಚಿಕ್ಕದಾಗಿಡುವುದು ಲೇಸು.

ಎಕ್ಸ್ಟ್-4ರಲ್ಲಿ ಇನ್ನೊಂದು ಅನುಕೂಲವುಂಟು. ಅಂಗಡಿಯವರು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುವಂತೆ, ಅದು ಲೆಕ್ಕದ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ನಡುವೆ ವಿದ್ಯುತ್ತು ಹೋದರೂ ಕಿರ್ದಿಯನ್ನು ನೋಡಿ ಖಾತೆಯನ್ನು ಸರಿಪಡಿಸಬಹುದು. ಫ್ಯಾಟ್-32ಕ್ಕೆ ಕಿರ್ದಿಯಿಲ್ಲ. ಆದುದರಿಂದಲೇ ಪೆನ್‌ಡ್ರೈವನ್ನು ಥಟ್ಟನೆ ಕೀಳಬಾರದು.

ಈ ಪದ್ಧತಿಗಳನ್ನು ನಿರ್ಮಿಸುವವರು ಯಾರು? 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನ ಮೂಲಬರಹ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಿ ತಿದ್ದಬಹುದು. ದೊಡ್ಡ ಕಡತಗಳಿಗೆ ಒದಗುವ ಎಕ್ಸ್‌ಫ್ಯಾಟ್ ಪದ್ಧತಿಯ ವಿವರವನ್ನು ಮೈಕ್ರೋಸಾಫ್ಟ್ ಸಂಸ್ಥೆ 2019ರಲ್ಲಿ ಪ್ರಕಟಿಸಿತು. 2020ರಲ್ಲಿ ಸ್ಯಾಮ್‌ಸಂಗ್‌ನವರು ಬರೆದ ಉತ್ತಮ ಚಾಲಕವು ಲಿನಕ್ಸ್‌ಗೆ ಸೇರಿತು. ಅಜ್ಜಿಯ ವೀಡಿಯೋ ಈಗ ಅದರಲ್ಲಿಯೇ ಇದೆ.

ಆದರೆ ಸೇರಿದ್ದೆಲ್ಲ ಉಳಿಯುವುದಿಲ್ಲ. ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದ ರೈಸರ್‌ಎಫ್‌ಎಸ್ ನೋಡಿಕೊಳ್ಳುವವರಿಲ್ಲದೆ ಸೊರಗಿತು. 2025ರ ಜನವರಿಯಲ್ಲಿ ಬಂದ 6.13ನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. 2024ರಲ್ಲಿ ಬಂದ ಬಿಕ್ಯಾಶ್‌ಎಫ್‌ಎಸ್‌ಗೆ ಸಮರ್ಥ ನಿರ್ಮಾಪಕನಿದ್ದರೂ, ತಿದ್ದುಪಡಿಗಳನ್ನು ಯಾವಾಗ ಒಪ್ಪಿಸಬೇಕೆಂಬ ನಿಯಮದ ಬಗೆಗೆ ವಿವಾದವೆದ್ದು, 2025ರಲ್ಲಿ 6.18ನೆಯ ಆವೃತ್ತಿಯಿಂದ ಅದೂ ಹೊರಬಿತ್ತು. ಒಂದಕ್ಕೆ ಕಾಯುವವರಿರಲಿಲ್ಲ, ಇನ್ನೊಂದಕ್ಕೆ ಹೊಂದಾಣಿಕೆಯಿರಲಿಲ್ಲ. ಬುದ್ಧಿಯೊಂದೇ ಸಾಲದು, ಕೂಡಿ ಬಾಳುವ ಶಿಸ್ತೂ ಬೇಕೆಂಬುದು ಇದರಿಂದ ತಿಳಿಯುತ್ತದೆ.

ಕಲಾ ವಿದ್ಯಾರ್ಥಿಗಳಾದ ನಮಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ನಮ್ಮೂರಿನ ಪದಗಳನ್ನು ಕೂಡಿಡಲು ಇದೇ ರಾಮನಗರದಲ್ಲಿ ಎಚ್. ಎಲ್. ನಾಗೇಗೌಡರು ಜಾನಪದ ಲೋಕವನ್ನು ಕಟ್ಟಿದರು. ಇಂದು ಕನಕಪುರದಲ್ಲಾಗಲಿ ಚನ್ನಪಟ್ಟಣದಲ್ಲಾಗಲಿ ಹಾಡು ಸಂಗ್ರಹಿಸುವವನ ಕೈಯಲ್ಲಿರುವುದು ಮೊಬೈಲು. ಅದರೊಳಗಿನದು ಮೂವತ್ತು ವರ್ಷಗಳ ಮೇಲೂ ತೆರೆಯಬೇಕಾದರೆ, ಅದನ್ನು ಯೂನಿಕೋಡ್ ಹೆಸರಿನಲ್ಲಿ, ಎರಡು ಪ್ರತ್ಯೇಕ ಸ್ಥಳಗಳಲ್ಲಿ, ಹಲವರು ನೋಡಿಕೊಳ್ಳುತ್ತಿರುವ ಪದ್ಧತಿಯಲ್ಲಿ ಇಡಬೇಕು. ಕನ್ನಡದ ಹೆಸರು ಕೆಟ್ಟು ಕಂಡಾಗ ಅದನ್ನು ನಿರ್ಮಾಪಕರಿಗೆ ತಿಳಿಸುವುದೂ, ಗಣಕದ ಮಾತುಗಳನ್ನು ಕನ್ನಡಕ್ಕೆ ತರುವುದೂ ಸೇವೆಯೇ. ಅದಕ್ಕೆ ವಿಜ್ಞಾನದ ಪದವಿ ಬೇಕಿಲ್ಲ.

ನಮ್ಮ ಅಜ್ಜಿಗೆ ಓದು ಬರಹ ಬಾರದು. ಪದಗಳನ್ನು ಅವರು ನೆನಪಿನಲ್ಲಿಟ್ಟು ನಮ್ಮವರೆಗೆ ತಂದರು. ಓದು ಕಲಿತ ನಾವು ಅವನ್ನು ಒಂದು ಪೆನ್‌ಡ್ರೈವಿನಲ್ಲಿ ಕಳೆದುಹಾಕಬಾರದು.